ಅಲ್ಬುಕರ್ಕನ ಮಗ ಕೊಂಡ ತೋಟ

(ಹೊನ್ನಾವರದಲ್ಲಿ ಓದುವ ಹವ್ಯಾಸದ ಕೆಲವು ಗೆಳೆಯರು ಸೇರಿದ್ದಾಗ ಆಡಿದ ಮಾತುಗಳಿವು. ಆಮೇಲೆ ಬರೆದುಕೊಡಿ ಎಂದರು. ಆಡಿದ್ದನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಪೋರ್ಚುಗಲ್ಲಿನ ಒಂದು ವೈನ್ ತೋಟ ಎಂದು ಗೊತ್ತಾದ ಕೂಡಲೇ ಹಿರಿಯರೊಬ್ಬರು ನನಗೆ ಫೋನ್ ಮಾಡಿದರು. "ಎಂಥದೋ ತಮ್ಮಾ, ರಿಟೈರ್ ಆದ ಮೇಲೆ ವೈನ್ ಬಗ್ಗೆ ಭಾಷಣ ಶುರು ಮಾಡಿದೆಯಾ?" ಎಂದು ಕೇಳಿದರು. ಅವರು ಈಗ ಮುಂದಿನ ಸಾಲಿನಲ್ಲೇ ಕೂತು ನಗುತ್ತಿದ್ದಾರೆ. ಅಣ್ಣ, ಹೆದರಬೇಡಿ. ಕುಡಿಯೋದು ಹೇಗೆ ಅಂತ ಹೇಳಿಕೊಡಲು ನಾನು ಬಂದಿಲ್ಲ. ಅದರಲ್ಲಿ ನನಗೆ ಪಾಂಡಿತ್ಯವೂ ಇಲ್ಲ.

ಒಂದು ಪದದಿಂದ ಶುರು ಮಾಡುತ್ತೇನೆ. ಪೀಪಾಯಿ. ಡಾಂಬರಿನ ಪೀಪಾಯಿ, ಎಣ್ಣೆಯ ಪೀಪಾಯಿ, ನೀರು ತುಂಬಿಡುವ ಪೀಪಾಯಿ. ಎಷ್ಟು ನಮ್ಮದೇ ಪದ ಅನಿಸುತ್ತದೆ, ಅಲ್ವಾ? ಇದು ಪೋರ್ಚುಗೀಸರ 'ಪೀಪ'. ಅವರ ಭಾಷೆಯಲ್ಲಿ ಪೀಪ ಎಂದರೆ ವೈನ್ ತುಂಬಿಡುವ ದೊಡ್ಡ ಮರದ ಪೀಪಾಯಿ. ಪೋರ್ಟ್ ವೈನಿನ ವ್ಯಾಪಾರದಲ್ಲಿ ಈಗಲೂ ಒಂದು ಪೀಪ ಎಂದರೆ 550 ಲೀಟರ್ ಎಂದು ಲೆಕ್ಕ. ಚಾವಿ, ಪಾದ್ರಿ, ಇಸ್ತ್ರಿ, ಮೇಸ್ತ್ರಿ, ಪಗಾರ, ಇವೆಲ್ಲ ಬಂದ ದಾರಿಯಲ್ಲೇ ಪೀಪಾಯಿಯೂ ಉರುಳಿಕೊಂಡು ಬಂತು. ಒಳಗಿದ್ದ ವೈನ್ ಮಾತ್ರ ನಮ್ಮ ಮನೆಗಳಿಗೆ ಬರಲಿಲ್ಲ. ಡಬ್ಬ ಇಟ್ಟುಕೊಂಡು ಮಾಲು ಬಿಟ್ಟೆವು.

ನಮ್ಮ ಮಗಳು ಅಳಿಯ ಲಿಸ್ಬನ್ನಿನಲ್ಲಿ ಕೆಲಸದಲ್ಲಿದ್ದಾರೆ. ಹೋದ ವರ್ಷ ನಾನೂ ಮನೆಯವಳೂ ಅಲ್ಲಿ ಕೆಲವು ವಾರ ಇದ್ದೆವು. ಊರೆಲ್ಲ ಸುತ್ತಿದ ಮೇಲೆ ಮಗಳು, "ಅಪ್ಪಾ, ಒಂದು ವೈನ್ ತೋಟ ನೋಡಿ ಬನ್ನಿ, ಎಲ್ಲರೂ ಹೋಗುತ್ತಾರೆ" ಎಂದಳು. ನಾನು ಒಲ್ಲೆ ಎಂದೆ. ಆಗ ಅಳಿಯ ಸುಮ್ನೆ ಒಂದು ಮಾತು ಬಿಟ್ಟರು: "ಅದು ಅಲ್ಬುಕರ್ಕನ ಮಗನ ತೋಟವಂತೆ ಮಾವ." ಅಷ್ಟೇ ಸಾಕಾಯಿತು. ಅಲ್ಬುಕರ್ಕ್ ಎಂದರೆ ಗೋವಾ ಗೆದ್ದ ಆ ಪೋರ್ಚುಗೀಸ್ ಸೇನಾನಿ. ಹೊನ್ನಾವರದವನಿಗೆ ಆ ಹೆಸರು ಕೇಳಿದ ಮೇಲೆ ಮನೆಯಲ್ಲಿ ಕೂರಲು ಆಗುತ್ತದೆಯೇ?

ತೋಟದ ಹೆಸರು ಕಿಂತಾ ದ ಬಕಲ್ಯೋವ. ಕಿಂತಾ ಎಂದರೆ ಮನೆಯೂ ಜಮೀನೂ ಸೇರಿದ ತೋಟ. ಹಿಂದೆ ಗೇಣಿದಾರ ಬೆಳೆಯ ಐದನೇ ಒಂದು ಪಾಲನ್ನು ಧಣಿಗೆ ಅಳೆಯುತ್ತಿದ್ದನಂತೆ, ಐದನೇ ಪಾಲಿಗೆ ಅವರ ಮಾತು ಕಿಂತಾ, ಅದೇ ತೋಟದ ಹೆಸರಾಯಿತು ಎನ್ನುತ್ತಾರೆ. ಗೇಣಿಯ ಕಾಲ ಕಂಡವರು ಇಲ್ಲಿ ಕೆಲವರಿದ್ದೀರಿ. ಐದನೇ ಪಾಲು ಮಾತ್ರವೇ ಎಂದು ನಿಮಗೆ ಆಶ್ಚರ್ಯ ಆಗಬಹುದು.

ಲಿಸ್ಬನ್ನಿನಿಂದ ತೆಂಕಣಕ್ಕೆ ಹೋಗಬೇಕು. ಮಧ್ಯೆ ತೇಜು ನದಿ. ಅದರ ಮೇಲೆ ಕೆಂಪು ಬಣ್ಣದ ದೊಡ್ಡ ತೂಗುಸೇತುವೆ. 1966ರಲ್ಲಿ ತೆರೆದಾಗ ಅದಕ್ಕೆ ಸರ್ವಾಧಿಕಾರಿ ಸಲಜಾರನ ಹೆಸರಿತ್ತು. 1974ರ ಏಪ್ರಿಲ್ 25ರಂದು ಆ ಆಡಳಿತ ಬಿದ್ದುಹೋಯಿತು, ಸೇತುವೆಗೆ ಆ ದಿನಾಂಕವೇ ಹೆಸರಾಯಿತು. ನದಿ ದಾಟಿದರೆ ಸೆತೂಬಲ್ ಕಡೆಯ ನೆಲ. ಸಮುದ್ರದ ಅಂಚಿಗೆ ಅರ್ರಾಬಿದ ಎಂಬ ಸುಣ್ಣಕಲ್ಲಿನ ಗುಡ್ಡಸಾಲು, ಗುಡ್ಡದ ಈಚೆ ಅಜೈತಾಂವ್. ಆಲಿವ್ ಕಾಯಿಗೆ ಅರಬರು ಇಟ್ಟ ಹೆಸರಿನಿಂದ ಬಂದ ಊರ ಹೆಸರು. ಕೊಂಕಣಿ ಬಲ್ಲವರು ಇದನ್ನು ಪೋರ್ಚುಗೀಸರಿಗಿಂತ ಚೆನ್ನಾಗಿ ಉಚ್ಚರಿಸಬಹುದು. ಮೂಗಿನಲ್ಲಿ ಆಂವ್ ಅನ್ನಬೇಕು.

ಇಲ್ಲಿ ನನ್ನ ಬುದ್ಧಿವಂತಿಕೆ ಕೈಕೊಟ್ಟಿತು. ಅಜೈತಾಂವ್ ಹೆಸರಿನ ಊರು ಎರಡಿವೆ. ವಿಲ ನೊಗೇರ ದ ಅಜೈತಾಂವ್ ಒಂದು, ವಿಲ ಫ್ರೆಶ್ಕ ದ ಅಜೈತಾಂವ್ ಇನ್ನೊಂದು. ತೋಟದ ಅರಮನೆ ಇರುವುದು ಫ್ರೆಶ್ಕದಲ್ಲಿ. ವೈನ್ ಮಾಡುವ ಜಾಗ ನೊಗೇರದ ಕಡೆ. ನಾನು ಅಜೈತಾಂವ್ ಅಂತ ಬೋರ್ಡು ಕಂಡ ಕೂಡಲೇ ಇಳಿಯೋಣ ಎಂದೆ. ಮನೆಯವಳು "ಒಂದು ಸಲ ಕೇಳಿ" ಎಂದಳು. ನಾನು ಕೇಳಲಿಲ್ಲ. ಬಿಸಿಲಲ್ಲಿ ಎರಡು ಮೂರು ಕಿಲೋಮೀಟರ್ ನಡೆದೆವು. ದಾರಿಯಲ್ಲಿ ಆಕೆ ಮಾತಾಡಲಿಲ್ಲ. ನೀವು ಹೋದರೆ ಇದನ್ನೊಂದು ನೆನಪಿಡಿ: ಕೇಳಿಕೊಂಡು ಇಳಿಯಿರಿ.

ಗೇಟು ದಾಟಿ ಒಳಗೆ ಹೋದರೆ ಮೊದಲು ಕಾಣುವುದು ದ್ರಾಕ್ಷಿ ಅಲ್ಲ, ಮನೆ. ನಮ್ಮ ಕಣ್ಣಿಗೆ ಅದು ಅಂಥ ದೊಡ್ಡ ಅರಮನೆಯೂ ಅಲ್ಲ. ಮೂಲೆಗಳಲ್ಲಿ ದುಂಡು ಬುರುಜುಗಳು, ಅವುಗಳ ಮೇಲೆ ಗುಮ್ಮಟ. ಗುಮ್ಮಟ ನುಣುಪಾಗಿಲ್ಲ, ಸಿಪ್ಪೆ ಸುಲಿದ ಕಿತ್ತಳೆಯ ಹಾಗೆ ತೊಳೆ ತೊಳೆಯಾಗಿದೆ. ನನಗೆ ತಟ್ಟನೆ ಹಂಪಿಯ ಗಜಶಾಲೆ ನೆನಪಾಯಿತು. ಅಲ್ಲೂ ಗೆರೆಗೆರೆಯ ಗುಮ್ಮಟಗಳಿವೆ ನೋಡಿ. ಆಹಾ, ಅಲ್ಬುಕರ್ಕನ ಮನೆಯವರು ಹಂಪಿಯಿಂದ ನಕಲು ಹೊಡೆದರು ಎಂದು ಮನಸ್ಸಿನಲ್ಲೇ ಒಂದು ಲೇಖನ ಬರೆದೂ ಬಿಟ್ಟೆ. ಆಮೇಲೆ ತಿಳಿಯಿತು, ಮನೆಯ ಆ ಭಾಗ ಅಲ್ಬುಕರ್ಕನ ಮಗ ಕೊಳ್ಳುವ ಮೊದಲಿನದು ಎಂದು. ಬರೆದ ಲೇಖನ ಅಲ್ಲೇ ಹರಿದುಹಾಕಿದೆ. ಎರಡು ವಸ್ತು ಒಂದೇ ಥರ ಕಂಡರೆ ಸಂಬಂಧ ಕಟ್ಟುವ ಚಟ ನಮಗೆಲ್ಲ ಸ್ವಲ್ಪ ಜಾಸ್ತಿ.

ಆ ಜಾಗ 15ನೇ ಶತಮಾನದಲ್ಲಿ ರಾಜಮನೆತನದ ಕೈಯಲ್ಲಿತ್ತು. ಮೊದಲನೇ ಜುವಾಂವ್ ದೊರೆಯ ಮಗ ರಾಜಕುಮಾರ ಜುವಾಂವ್‌ನದು. ಅವನಿಂದ ಮಗಳು ಬ್ರಿತೆಸ್‌ಗೆ ಬಂತು. ಬುರುಜಿನ ಮನೆ ಆಕೆಯ ಕಾಲದ್ದು. ಈ ಬ್ರಿತೆಸ್ ಯಾರು ಗೊತ್ತೇ? ಮನುವೆಲ್ ದೊರೆಯ ತಾಯಿ. ಯಾವ ಮನುವೆಲ್? ವಾಸ್ಕೊ ಡ ಗಾಮನನ್ನು ಕಳಿಸಿದನಲ್ಲ, ಅವನೇ. ಗಾಮ 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಸಿಕೊಂಡ. ಹಾಗಾಗಿ ಅಲ್ಬುಕರ್ಕನ ಮಗ ಕೊಳ್ಳುವ ಮುಂಚೆಯೇ ಆ ಮನೆಗೂ ನಮ್ಮ ಕರಾವಳಿಗೂ ಒಂದು ಎಳೆ ಬಿದ್ದಿತ್ತು. ಇದನ್ನು ನಾನು ಕಟ್ಟಿದ್ದಲ್ಲ.

ಈಗ ಅಲ್ಬುಕರ್ಕನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಆ ತೋಟಕ್ಕೆ ಹೋದದ್ದೇ ಇದಕ್ಕಾಗಿ.

ಅಫೊನ್ಸೊ ದ ಅಲ್ಬುಕರ್ಕ್ 1506ರಲ್ಲಿ ಲಿಸ್ಬನ್ ಬಿಟ್ಟು ಹೊರಟ. ಮನೆಯಲ್ಲಿ ಬ್ರಾಸ್ ಎಂಬ ಸಣ್ಣ ಮಗ. ಐದಾರು ವರ್ಷದವನು. ಮದುವೆಯಿಲ್ಲದೆ ಹುಟ್ಟಿದ ಮಗುವಾದ್ದರಿಂದ ಹೊರಡುವ ವರ್ಷವೇ ಅವನನ್ನು ತನ್ನ ಮಗ ಎಂದು ಕಾಗದ ಮಾಡಿಸಿದ. ಆಮೇಲೆ ತಂದೆ ಮಗ ಒಬ್ಬರನ್ನೊಬ್ಬರು ನೋಡಲೇ ಇಲ್ಲ.

1510ರ ಆರಂಭದಲ್ಲಿ ಅಲ್ಬುಕರ್ಕ್ ಹಡಗುಗಳನ್ನು ಕಟ್ಟಿಕೊಂಡು ಕೆಂಪು ಸಮುದ್ರದ ಕಡೆ ಹೊರಟಿದ್ದ. ಗೋವಾ ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಅವನ ದಾರಿ ತಿರುಗಿಸಿದವನು ಈ ಊರಿನವನು. ನಾವು ತಿಮ್ಮಯ್ಯ ಎನ್ನುತ್ತೇವೆ, ಪೋರ್ಚುಗೀಸರ ಕಾಗದಗಳಲ್ಲಿ ತಿಮೋಜ. ಅವರು ಹೊನ್ನಾವರವನ್ನು ಓನೋರ್ ಎಂದು ಬರೆಯುತ್ತಿದ್ದರು. ಈ ತಿಮ್ಮಯ್ಯ ಸ್ವಂತ ಹಡಗುಗಳಿದ್ದವನು. ಸಮುದ್ರದ ಮೇಲೆ ಸುಲಿಗೆಯನ್ನೂ ಮಾಡುತ್ತಿದ್ದ, ವಿಜಯನಗರದ ಕೆಲಸವನ್ನೂ ಮಾಡುತ್ತಿದ್ದ. "ಅಷ್ಟು ದೂರ ಯಾಕೆ ಹೋಗುತ್ತೀರಿ? ಗೋವಾದಲ್ಲಿ ಬಿಜಾಪುರದವರ ಕಾವಲು ಸಡಿಲವಾಗಿದೆ, ಊರಿನವರಿಗೂ ಅವರ ಮೇಲೆ ಸಿಟ್ಟಿದೆ" ಎಂಬ ಅರ್ಥದ ಸುದ್ದಿ ಕೊಟ್ಟ. ಅಲ್ಬುಕರ್ಕ್ ತಿರುಗಿದ. ಗೋವಾ ಸುಲಭವಾಗಿ ಸಿಕ್ಕಿತು. ಮೇ ತಿಂಗಳಲ್ಲಿ ಆದಿಲ್‌ಶಾಹಿ ಸೈನ್ಯ ಕಿತ್ತುಕೊಂಡಿತು. ನವೆಂಬರ್ 25ಕ್ಕೆ ಮತ್ತೆ ಗೆದ್ದ. ಆ ಸಲ ಊರಿನ ಮುಸ್ಲಿಮರನ್ನು ಹೆಂಗಸರು ಮಕ್ಕಳು ಎನ್ನದೆ ಕೊಲ್ಲಿಸಿದ. ಇದನ್ನು ಅವನ ಶತ್ರುಗಳು ಬರೆದಿಟ್ಟದ್ದಲ್ಲ, ರಾಜನಿಗೆ ಅವನೇ ಬರೆದ ಪತ್ರದಲ್ಲಿದೆ.

ಅದೇ ವರ್ಷ ಅವನು ಲೂಯಿಸ್ ಎಂಬ ಪಾದ್ರಿಯನ್ನು ವಿಜಯನಗರಕ್ಕೆ ಕೃಷ್ಣದೇವರಾಯನ ಹತ್ತಿರ ಕಳಿಸಿದ. ಭಟ್ಕಳದಲ್ಲಿ ಕೋಟೆ ಕಟ್ಟಲು ಜಾಗ ಬೇಕಿತ್ತು. ರಾಯನಿಗೆ ಬೇಕಿದ್ದದ್ದು ಕುದುರೆ. ಅರಬ್ ಕಡೆಯ ಕುದುರೆಗಳು ಬರುವ ಬಂದರು ಯಾರ ಕೈಯಲ್ಲಿದೆಯೋ ಅವರ ಮಾತಿಗೆ ಬೆಲೆ. ಭಟ್ಕಳದಿಂದ ಗೋವಾ ತನಕದ ಈ ಪಟ್ಟಿಯಲ್ಲಿ ಕುದುರೆ, ಮೆಣಸು, ಅಕ್ಕಿ, ಇವುಗಳ ಮೇಲೆ ಎಷ್ಟು ಕಣ್ಣು!

1515ರ ಡಿಸೆಂಬರ್ 16ರಂದು ಅಲ್ಬುಕರ್ಕ್ ತೀರಿಕೊಂಡ. ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ನಿಂದ ಮರಳುತ್ತಿದ್ದ. ಹಡಗು ಗೋವಾದ ಅಳಿವೆಯ ಬಾಯಿಗೆ ಬಂದಿತ್ತು. ದಾರಿಯಲ್ಲೇ ಅವನಿಗೆ ಸುದ್ದಿ ಸಿಕ್ಕಿತ್ತು: ನಿನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ವರ್ಗಾವಣೆ ಆರ್ಡರು ಕಂಡವರಿಗೆ ಆ ಸಂಕಟ ಗೊತ್ತು. ಸಾಯುವ ಕೆಲವು ದಿನ ಮೊದಲು ರಾಜನಿಗೆ ಪತ್ರ ಬರೆಸಿ, ನನ್ನ ಮಗನನ್ನು ನೋಡಿಕೊಳ್ಳಿ ಎಂದು ಕೇಳಿಕೊಂಡ.

ರಾಜ ನೋಡಿಕೊಂಡ. ತಂದೆಯ ನೆನಪಿಗೆ ಬ್ರಾಸ್‌ಗೆ ಅಫೊನ್ಸೊ ಎಂದು ಹೆಸರು ಬದಲಾಯಿಸಿದ, ವರ್ಷಾಶನ ಕಟ್ಟಿಸಿದ, ದೊಡ್ಡ ಮನೆತನದ ಹುಡುಗಿಯನ್ನು ತಂದು ಮದುವೆ ಮಾಡಿಸಿದ. 1521ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿಯನ್ನು ಇಟಲಿಯ ಪಕ್ಕದ ಸವೋಯ್‌ಗೆ ಮದುವೆ ಮಾಡಿ ಕಳಿಸುವಾಗ ಆ ದಿಬ್ಬಣದಲ್ಲಿ ಈ ಹುಡುಗನೂ ಹೋದ. ಇಟಲಿ ನೋಡಿದ. ಅಲ್ಲಿನ ಮನೆಗಳನ್ನು ನೋಡಿ ತಲೆ ಕೆಟ್ಟಿತು. ಬಂದವನೇ ಲಿಸ್ಬನ್ನಿನ ಹೊಳೆದಂಡೆಯಲ್ಲಿ ಒಂದು ಮನೆ ಕಟ್ಟಿಸಿದ. ಮುಂಗೋಡೆಯ ತುಂಬ ವಜ್ರದ ಹಾಗೆ ಚೂಪು ಮಾಡಿದ ಕಲ್ಲುಗಳು, ಹಲಸಿನ ಹಣ್ಣಿನ ಮೈಯ ಹಾಗೆ. ಅದನ್ನು ಚೂಪುಕಲ್ಲಿನ ಮನೆ ಎಂದೇ ಕರೆಯುತ್ತಾರೆ. 1755ರ ಭೂಕಂಪದಲ್ಲಿ ಮೇಲಿನ ಎರಡು ಅಂತಸ್ತು ಬಿದ್ದವು, 1980ರ ದಶಕದಲ್ಲಿ ಮತ್ತೆ ಕಟ್ಟಿದರು. ನಗರದ ಮನೆ ಆಯಿತು. ಇನ್ನು ಹಳ್ಳಿಯಲ್ಲೊಂದು ತೋಟ ಬೇಡವೇ? 1528ರಲ್ಲಿ ಬ್ರಿತೆಸ್‌ಳ ಹಳೆಯ ಜಾಗವನ್ನು ಕೊಂಡ.

ಇದೇ ಬಕಲ್ಯೋವ. ಅಂದರೆ ಇಟಲಿಯ ರುಚಿ, ಪೋರ್ಚುಗಲ್ಲಿನ ನೆಲ. ಮಗ ಅಷ್ಟು ದೊಡ್ಡವನಾಗಲು ಕಾರಣ, ತಂದೆ ಹೊನ್ನಾವರ, ಗೋವಾ, ಭಟ್ಕಳದ ನಡುವೆ ಓಡಾಡಿದ ಆ ಹತ್ತು ವರ್ಷ. ತೋಟದಲ್ಲಿ ನಿಂತು ನಾನು ಮನೆಯವಳಿಗೆ ಇದನ್ನೇ ಹೇಳಿದೆ. "ಹಾಗಾದರೆ ಇದರಲ್ಲಿ ನಮಗೂ ಐದನೇ ಪಾಲು ಬರಬೇಕಲ್ಲ" ಎಂದಳು. ಆ ದಿನ ಆಕೆ ಸಿಟ್ಟು ಬಿಟ್ಟು ಆಡಿದ ಮೊದಲ ಮಾತು ಅದು.

ಮನೆಯ ಒಂದು ಬದಿಗೆ ಕಂಬಗಳ ಉದ್ದ ಜಗಲಿ ಇದೆ. ನಮ್ಮ ಹೊರಜಗಲಿಯ ಹಾಗೆಯೇ, ಕೂತು ತೋಟ ನೋಡಲು. ಗೋಡೆಯ ಮೇಲೆ ಬಣ್ಣದ ಹೆಂಚಿನ ಚಿತ್ರಗಳು. ಅವರು ಅಝುಲೇಜು ಎನ್ನುತ್ತಾರೆ. ನೈಲ್, ಡಾನ್ಯೂಬ್, ಯೂಫ್ರಟೀಸ್, ಅವರದೇ ಡೌರೊ, ಮೊಂಡೇಗೊ, ಈ ನದಿಗಳನ್ನು ಗಡ್ಡದ ಮುದುಕರ ರೂಪದಲ್ಲಿ ಬರೆದಿದ್ದಾರೆ. ನಮ್ಮಲ್ಲಿ ನದಿಗಳೆಲ್ಲ ತಾಯಂದಿರು, ಅವರಲ್ಲಿ ಅಜ್ಜಂದಿರು.

ಕೆಳಗೆ ಕತ್ತರಿಸಿ ಒಪ್ಪ ಮಾಡಿದ ಗಿಡಗಳ ಕೈತೋಟ. ಅದರಾಚೆ ದೊಡ್ಡ ಚೌಕ ಕೆರೆ. ನಮ್ಮ ಪುಷ್ಕರಣಿಯ ಹಾಗೆ ಮೆಟ್ಟಿಲಿಲ್ಲ, ಮೀಯುವವರೂ ಇಲ್ಲ. ಕೆರೆಯ ದಂಡೆಗೆ ತಂಪಿಗೆ ಕೂರುವ ಮಂಟಪದ ಸಾಲು. ಬೇಸಿಗೆಯಲ್ಲಿ ನೀರಿನ ಮೇಲಿನಿಂದ ಗಾಳಿ ಒಳಗೆ ಬರಬೇಕು, ಆ ಲೆಕ್ಕದಲ್ಲಿ ಕಟ್ಟಿದ್ದು. ಈ ಮಂಟಪದ ಒಳಗೆ ಇಡೀ ತೋಟದ ಅತಿ ಬೆಲೆಯ ವಸ್ತು ಇದೆ. ಬೈಬಲ್ಲಿನ ಸುಸನ್ನಾಳ ಕಥೆಯ ಹೆಂಚಿನ ಚಿತ್ರ. ಸ್ನಾನ ಮಾಡುತ್ತಿದ್ದ ಹೆಂಗಸನ್ನು ಇಬ್ಬರು ದೊಡ್ಡ ಮನುಷ್ಯರು ಕದ್ದು ನೋಡಿ, ಆಮೇಲೆ ಅವಳ ಮೇಲೆಯೇ ಸುಳ್ಳು ಆರೋಪ ಹೊರಿಸುವ ಕಥೆ. ಚಿತ್ರದಲ್ಲಿ 1565 ಎಂದು ಇಸವಿ ಬರೆದಿದೆ. ಪೋರ್ಚುಗಲ್ಲಿನಲ್ಲಿ ಇಸವಿ ಇರುವ ಹೆಂಚಿನ ಚಿತ್ರಗಳಲ್ಲಿ ಇದೇ ಅತಿ ಹಳೆಯದು. ಇವತ್ತು ಲಿಸ್ಬನ್ನಿನ ಗೋಡೆ ಗೋಡೆಗೂ ನೀಲಿ ಬಿಳಿ ಹೆಂಚು ಕಾಣುತ್ತೇವಲ್ಲ, ಅದರ ಹುಟ್ಟಿನ ಕಾಗದ ಇಲ್ಲಿದೆ ಎನ್ನಬಹುದು. ಇದು ನೀಲಿ ಬಿಳಿಯಲ್ಲ, ಬಣ್ಣ ಬಣ್ಣದ್ದು. ಪಕ್ಕದಲ್ಲಿ ನೀರು, ಒಳಗೆ ಮೀಯುವವಳ ಕಥೆ. ಹಾಕಿಸಿದವನಿಗೆ ತಮಾಷೆಯ ಬುದ್ಧಿ ಇತ್ತು ಅನಿಸುತ್ತದೆ.

ಇಷ್ಟೆಲ್ಲ ಮಾಡಿದ ಮಗ ತಂದೆಗಾಗಿ ಇನ್ನೊಂದು ಕೆಲಸ ಮಾಡಿದ. ತಂದೆ ಇಲ್ಲಿಂದ ರಾಜನಿಗೆ ಬರೆದ ಪತ್ರಗಳನ್ನು ಕೂಡಿಸಿ ಅವನ ಸಾಹಸಗಳ ದೊಡ್ಡ ಪುಸ್ತಕ ಬರೆದ. 1557ರಲ್ಲಿ ಅಚ್ಚಾಯಿತು, 1576ರಲ್ಲಿ ತಿದ್ದಿ ಮತ್ತೆ ಅಚ್ಚು ಹಾಕಿಸಿದ. ನೆನಪಿನಲ್ಲಿ ಸರಿಯಾಗಿ ಮುಖವೂ ಉಳಿದಿರದ ತಂದೆ. ಮಗನ ಪುಸ್ತಕ ಅಂದಮೇಲೆ ಹೊಗಳಿಕೆ ಜಾಸ್ತಿಯೇ. ಆದರೂ ನಮ್ಮ ತಿಮ್ಮಯ್ಯನ ವಿಷಯ ತಿಳಿಯಲು ಇವತ್ತಿಗೂ ಅದು ಬೇಕೇ ಬೇಕು. ಮೊನ್ನೆ ಮೊನ್ನೆ ಇಲ್ಲೇ ಒಬ್ಬರು ತಿಮ್ಮಯ್ಯನನ್ನು ದೇಶದ್ರೋಹಿ ಎಂದರು, ಇನ್ನೊಬ್ಬರು ವೀರ ಎಂದರು. ಆ ಜಗಳಕ್ಕೆ ನಾನು ಇವತ್ತು ಇಳಿಯುವುದಿಲ್ಲ. ಇಬ್ಬರೂ ಜಗಳವಾಡುವುದು ಹೆಚ್ಚುಕಮ್ಮಿ ಅಂಥ ಪುಸ್ತಕಗಳಲ್ಲಿ ಸಿಕ್ಕ ತಿಮ್ಮಯ್ಯನ ಮೇಲೆಯೇ.

ಹೆಸರಿನ ಕಥೆ ಹೇಳಿಬಿಡುತ್ತೇನೆ, ಮೀನಿನ ಊರಿನವರಿಗೆ ಇಷ್ಟವಾದೀತು. ಪೋರ್ಚುಗೀಸರಿಗೆ ಪ್ರಾಣ ಎಂದರೆ ಬಕಲ್ಯಾವ್. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಅಲ್ಬುಕರ್ಕ್ ವಂಶದ ಒಬ್ಬ ಹೆಣ್ಣುಮಗಳು ಈ ತೋಟಕ್ಕೆ ಒಡತಿಯಾದಳು. ಆಕೆಯ ಗಂಡನಿಗೆ ಬಕಲ್ಯಾವ್ ಎಂದು ಅಡ್ಡಹೆಸರು. ಗಂಡ ಬಕಲ್ಯಾವ್ ಆದರೆ ಹೆಂಡತಿ ಬಕಲ್ಯೋವ. ಒಣಮೀನಮ್ಮ ಅಂದ ಹಾಗೆ. ರಾಜಕುಮಾರ, ರಾಜಮಾತೆ, ಅಲ್ಬುಕರ್ಕ್, ಇವರ ಯಾರ ಹೆಸರೂ ನಿಲ್ಲಲಿಲ್ಲ, ಒಣಮೀನಮ್ಮನ ಹೆಸರು ನಿಂತಿತು. ಮುಂದೆ ಅದು ದುಬಾರಿ ಬಾಟಲಿಗಳ ಮೇಲೂ ಏರಿತು.

ಆಮೇಲಿನ ಮುನ್ನೂರು ವರ್ಷ ಬೇಗ ದಾಟೋಣ. ತೋಟ ಕೈಯಿಂದ ಕೈಗೆ ಹೋಯಿತು, ಕೊನೆಗೆ ಪಾಳುಬಿತ್ತು. 1936ರಲ್ಲಿ ಅಮೆರಿಕದ ಒರ್ಲೀನಾ ಸ್ಕೋವಿಲ್ ಎಂಬ ಮಹಿಳೆ ಅದನ್ನು ಕೊಂಡು ರಿಪೇರಿ ಮಾಡಿಸಿದರು. ಆ ಪುಣ್ಯಾತ್ಗಿತ್ತಿ ಕೈ ಹಾಕದಿದ್ದರೆ ಇವತ್ತು ನಾವು ನೋಡಲು ಏನು ಉಳಿದಿರುತ್ತಿತ್ತೋ.

ಇಷ್ಟು ಹೊತ್ತಾದರೂ ವೈನ್ ಬಂದಿಲ್ಲ ಎಂದು ಹಿಂದಿನ ಸಾಲಿನವರು ಚಡಪಡಿಸುತ್ತಿದ್ದಾರೆ. ನಾನು ಬೇಕೆಂದೇ ತಡ ಮಾಡಿದೆ. ಯಾಕೆಂದರೆ ಹೋಗುವವರೆಲ್ಲ ಐನೂರು ವರ್ಷದ ಮನೆ ಅಂದಮೇಲೆ ಐನೂರು ವರ್ಷದ ವೈನ್ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ ತೋಟದ ಹೆಸರಿನ ಕೆಂಪು ವೈನಿನ ಮೊದಲ ಬೆಳೆ 1979ರದ್ದು! ನಮ್ಮ ಮನೆಯ ಹಿತ್ತಲಿನ ತೆಂಗಿನ ಮರ ಅದಕ್ಕಿಂತ ಹಳೆಯದು. ಸ್ಕೋವಿಲ್ ಅವರ ಮೊಮ್ಮಗ 1970ರ ದಶಕದಲ್ಲಿ ಹೊಸದಾಗಿ ಬಳ್ಳಿ ಹಾಕಿಸಿದ. ಹಾಕಿದ್ದಾದರೂ ಯಾವ ಬಳ್ಳಿ? ಫ್ರಾನ್ಸಿನ ಬೋರ್ಡೋ ಕಡೆಯ ಕ್ಯಾಬರ್ನೆ ಸುವಿನ್ಯಾನ್, ಜೊತೆಗೆ ಸ್ವಲ್ಪ ಮೆರ್ಲೊ. ಆ ಕಡೆಯ ಮಣ್ಣಿನ ಕೆಂಪು ದ್ರಾಕ್ಷಿ ಎಂದರೆ ಕಾಸ್ತೆಲಾಂವ್. ಅದನ್ನು ಬಿಟ್ಟು ಹೊರಗಿನದು ತಂದರು. ಇಟಲಿಯ ಜಗಲಿ ತಂದವನ ತೋಟಕ್ಕೆ ಫ್ರಾನ್ಸಿನ ಬಳ್ಳಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ.

ವೈನ್ ಮಾಡುತ್ತಿದ್ದ ಕಂಪನಿ ಬೇರೆ, 1922ರಲ್ಲಿ ಜುವಾಂವ್ ಪೀರಿಸ್ ಹೆಸರಿನಲ್ಲಿ ಶುರುವಾದದ್ದು. 1998ರಲ್ಲಿ ಅದು ಮದೇರಾ ದ್ವೀಪದಲ್ಲಿ ಹುಟ್ಟಿದ ಉದ್ಯಮಿ ಜೋಸೆ ಬೆರಾರ್ಡೊ ಅವರ ಕೈಗೆ ಬಂತು. 2000ದಲ್ಲಿ ಅರಮನೆಯೂ ಬಂತು. ಅಲ್ಲಿಗೆ ಮನೆ, ಬಳ್ಳಿ, ಪೀಪಾಯಿ ಮೂರೂ ಒಂದು ಕಡೆ ಸೇರಿದವು. ಆಮೇಲೆ ಕಂಪನಿಗೂ ಬಕಲ್ಯೋವ ಎಂದೇ ಹೆಸರಿಟ್ಟರು. ಬೆರಾರ್ಡೊ ಅವರಿಗೆ ಕಲೆಯ ವಸ್ತು ಕೂಡಿಹಾಕುವ ಹುಚ್ಚು. ಹಾಗಾಗಿ ನೊಗೇರದ ಕಡೆಯ ಅದೇಗಕ್ಕೆ, ಅಂದರೆ ವೈನ್ ಮನೆಗೆ, ಹೋದರೆ ಆಫ್ರಿಕಾದ ಮರದ ಶಿಲ್ಪ, ಹಳೆಯ ಪೀಠೋಪಕರಣ, ಎಲ್ಲ ಕಾಣಸಿಗುತ್ತವೆ. ನನಗೆ ಅದು ಸ್ವಲ್ಪ ಜಾಸ್ತಿ ಆಯಿತು. ಸಂತೆಯಲ್ಲಿ ಎಲ್ಲ ಅಂಗಡಿಗೂ ಒಟ್ಟಿಗೆ ಕಣ್ಣು ಹಾಕಿದ ಹಾಗೆ. ಆದರೆ ಪೀಪಾಯಿಗಳ ಕೋಣೆಗೆ ಬಂದಾಗ ಬಾಯಿ ಮುಚ್ಚಿತು. ಕತ್ತಲು, ತಂಪು, ಸಾಲು ಸಾಲು ಪೀಪಾಯಿ. ಗೋಡೆಯ ಮೇಲೆ ಬೇರೆ ಬೇರೆ ಶತಮಾನದ ಹೆಂಚುಗಳು. ಆ ವಾಸನೆ! ಒಣದ್ರಾಕ್ಷಿ, ಹಳೆಯ ಮರ, ಕಿತ್ತಳೆ ಸಿಪ್ಪೆ. ಮದುವೆಮನೆಯ ಉಗ್ರಾಣದ ಬಾಗಿಲು ತೆಗೆದ ಹಾಗಾಯಿತು.

ಅಲ್ಲಿ ಮಲಗಿದ್ದದ್ದು ಮೊಸ್ಕತೆಲ್. ಇದು ನಿಜವಾಗಿಯೂ ಆ ನೆಲದ ಹಳೆಯ ಪೇಯ. ಸೆತೂಬಲ್ಲಿನ ಸಿಹಿ ವೈನಿಗೆ ಇಂತಿಷ್ಟೇ ಸೀಮೆ ಎಂದು 20ನೇ ಶತಮಾನದ ಮೊದಲ ದಶಕದಲ್ಲೇ ಗೆರೆ ಹಾಕಿದ್ದರು. ಮಾಡುವ ಬಗೆ ಕೇಳಿ, ನಮ್ಮ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಪಾಕದ ಹದದಂಥದ್ದೇ ಅದು. ದ್ರಾಕ್ಷಿ ರಸ ಹುಳಿಬರಲು ಬಿಟ್ಟರೆ ಅದರ ಸಕ್ಕರೆಯನ್ನೆಲ್ಲ ಈಸ್ಟು ತಿಂದು ಮದ್ಯ ಮಾಡುತ್ತದೆ, ಸಿಹಿ ಹೋಗುತ್ತದೆ. ಮೊಸ್ಕತೆಲ್ಲಿಗೆ ಸಿಹಿ ಉಳಿಯಬೇಕು. ಅದಕ್ಕೆ ಅರ್ಧ ದಾರಿಯಲ್ಲೇ ದ್ರಾಕ್ಷಿಯಿಂದ ಇಳಿಸಿದ ಕಟು ಸಾರಾಯಿ ಸುರಿಯುತ್ತಾರೆ. ಈಸ್ಟು ಸತ್ತು ಸಕ್ಕರೆ ಉಳಿಯುತ್ತದೆ. ಅಷ್ಟು ಮಾಡಿ ಸೋಸುವುದಿಲ್ಲ. ಈ ದ್ರಾಕ್ಷಿಯ ಪರಿಮಳ ಇರುವುದು ಸಿಪ್ಪೆಯಲ್ಲಿ. ಸಿಪ್ಪೆಯನ್ನು ಅದರಲ್ಲೇ ತಿಂಗಳುಗಟ್ಟಲೆ ನೆನೆಯಲು ಬಿಡುತ್ತಾರೆ. ಉಪ್ಪಿನಕಾಯಿ ಹಾಕಿ ಭರಣಿಯ ಬಾಯಿ ಕಟ್ಟಿಟ್ಟ ಹಾಗೆ. ಆಮೇಲೆ ಪೀಪಾಯಿ. ವರ್ಷ ಹೋದ ಹಾಗೆ ಮರದ ಸಂದಿಯಿಂದ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ, ಉಳಿದದ್ದು ಮಂದವಾಗುತ್ತದೆ. ಮೊದಲು ಜೇನಿನ ಬಣ್ಣ, ಆಮೇಲೆ ಚಹಾದ ಬಣ್ಣ, ಇಪ್ಪತ್ತು ಮೂವತ್ತು ವರ್ಷಕ್ಕೆ ನಮ್ಮ ಜೋನಿ ಬೆಲ್ಲದ ಬಣ್ಣ.

ರುಚಿ ನೋಡುವ ಶಾಸ್ತ್ರವೂ ಇತ್ತು. ಸಣ್ಣ ಗ್ಲಾಸಿನಲ್ಲಿ ಎರಡು ಗುಟುಕು. ಮೊದಲು ಆ ಕೆಂಪು ವೈನ್. ನನಗೆ ಒಗರು ಒಗರಾಯಿತು. ಗೇರುಹಣ್ಣು ಕಚ್ಚಿದಾಗ ನಾಲಿಗೆ ಹಿಡಿಯುತ್ತದಲ್ಲ, ಹಾಗೆ. ಇದು ವೈನಿನ ತಪ್ಪಲ್ಲ, ನನ್ನ ನಾಲಿಗೆಯದು. ಮೊಸ್ಕತೆಲ್ ಬೇರೆಯೇ. ಮನೆಯವಳು ಜನ್ಮದಲ್ಲಿ ಮುಟ್ಟದವಳು, ಮೂಸಿ ನೋಡಿ "ಇದು ಕಷಾಯದ ಹಾಗಿದೆ, ತಪ್ಪೇನಿಲ್ಲ" ಎಂದು ತೀರ್ಪು ಕೊಟ್ಟಳು. ಆಮೇಲೆ ಏನಾಯಿತು ಎಂದು ಸಭೆಯಲ್ಲಿ ಹೇಳಬಾರದು ಎಂದು ಮನೆಯಲ್ಲಿ ಒಪ್ಪಂದವಾಗಿದೆ.

ಜೊತೆಗೆ ಕೊಟ್ಟದ್ದು ಅಜೈತಾಂವ್ ಚೀಸ್. ಕುರಿ ಹಾಲಿನದು, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ. ಮೇಲಿನ ಮುಚ್ಚಳ ಕತ್ತರಿಸಿ ಚಮಚದಲ್ಲಿ ತೆಗೆದು ತಿನ್ನುತ್ತಾರೆ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನ ಎಷ್ಟೋ ಚೀಸುಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದದ್ದನ್ನು ಹಾಕುತ್ತಾರೆ. ಇದಕ್ಕೆ ಹಾಗಲ್ಲ, ಒಂದು ಬಗೆಯ ನೇರಳೆ ಬಣ್ಣದ ಮುಳ್ಳುಹೂವನ್ನು ಒಣಗಿಸಿ, ನೆನೆಸಿ, ಆ ನೀರಿನಲ್ಲಿ ಒಡೆಯುತ್ತಾರೆ. ಹೆದರದೆ ತಿನ್ನಬಹುದು.

ಹೋಗುವ ಮನಸ್ಸಿರುವವರು ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಿ. ಅರಮನೆಯನ್ನು ಜೊತೆಗೊಬ್ಬರು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಸೆಪ್ಟೆಂಬರಿನ ಹೊತ್ತಿಗೆ ದ್ರಾಕ್ಷಿ ಕೊಯ್ಲು. ಬಳ್ಳಿ ತುಂಬ ಗೊಂಚಲು ನೋಡಬೇಕಾದರೆ ಅದಕ್ಕಿಂತ ಸ್ವಲ್ಪ ಮುಂಚೆ ಹೋಗಬೇಕು. ಚಳಿಗಾಲದಲ್ಲಿ ಹೋದರೆ ಬರೀ ಒಣ ಕೊರಡುಗಳ ಸಾಲು. ಆದರೆ ಹೆಂ‌ಚಿಗೂ ಪೀಪಾಯಿಗೂ ಕಾಲವಿಲ್ಲ. ಗಾಡಿ ಓಡಿಸುವವರು ರುಚಿ ನೋಡಬೇಡಿ. ಅಜೈತಾಂವಿನಲ್ಲಿ ಇನ್ನೊಂದು ಹಳೆಯ ವೈನ್ ಮನೆಯೂ ಇದೆ. ಜೋಸೆ ಮರೀಯ ದ ಫೊನ್ಸೇಕ, 1834ರದ್ದು. ಒಂದೇ ದಿನ ಎರಡನ್ನೂ ಮುಗಿಸಬಹುದು, ಸರಿಯಾದ ಊರಿನಲ್ಲಿ ಇಳಿದರೆ.

ಆ ಮನೆಯ ಒಂದು ಕಥೆ ಹೇಳದೆ ಮುಗಿಸಿದರೆ ಪಾಪ ಬರುತ್ತದೆ. ಹಿಂದೆ ಮೊಸ್ಕತೆಲ್ ಪೀಪಾಯಿಗಳನ್ನು ಹಡಗಿಗೆ ಏರಿಸಿ ಬ್ರೆಜಿಲ್, ಆಫ್ರಿಕಾ, ಇಂಡಿಯಾ ಕಡೆ ಕಳಿಸುತ್ತಿದ್ದರು. ಮಾರುವುದು ಹಡಗಿನ ಕಪ್ತಾನನ ಜವಾಬ್ದಾರಿ, ಮಾರಿದರೆ ಅವನಿಗೆ ಕಮಿಷನ್. ಎಲ್ಲ ಮಾರಿ ಹೋಗುತ್ತಿರಲಿಲ್ಲ. ಉಳಿದ ಪೀಪಾಯಿ ವಾಪಸ್ ಬರುತ್ತಿತ್ತು. ಹಾಳಾಗಿರುತ್ತದೆ ಎಂದು ಬಾಯಿ ತೆರೆದು ನೋಡಿದರೆ ಹೋದದ್ದಕ್ಕಿಂತ ರುಚಿಯಾಗಿರುತ್ತಿತ್ತು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಬಿಸಿ ಸೀಮೆ ದಾಟಿ, ತಿಂಗಳುಗಟ್ಟಲೆ ಅಲೆಯ ಮೇಲೆ ಕುಲುಕಿ, ಹತ್ತಾರು ವರ್ಷದ ಹದ ಒಂದೇ ಯಾನದಲ್ಲಿ ಬಂದಿರುತ್ತಿತ್ತು. ಅದಕ್ಕೆ ತೋರ್ನ ವಿಯಾಜೆಂ ಎಂದು ಹೆಸರಿಟ್ಟರು. ಹೋಗಿಬಂದದ್ದು ಎಂದರ್ಥ. ಹಬೆಯ ಹಡಗು ಬಂದು ಯಾನ ಬೇಗ ಮುಗಿಯತೊಡಗಿದ ಮೇಲೆ ಇದು ನಿಂತುಹೋಯಿತು. ಇತ್ತೀಚೆಗೆ ಸಾಗ್ರೆಸ್ ಎಂಬ ನೌಕಾಪಡೆಯ ಹಾಯಿಹಡಗಿನಲ್ಲಿ ಕೆಲವು ಪೀಪಾಯಿ ಕಳಿಸಿ ಮತ್ತೆ ಪ್ರಯೋಗ ಮಾಡಿದ್ದಾರೆ. ಅದೇ ವೈನಿನ ಒಂದು ಭಾಗವನ್ನು ಮನೆಯಲ್ಲೇ ಇಟ್ಟು ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದಂತೆ.

ನನ್ನ ಮಾತು ಇಲ್ಲಿಗೆ ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ.

(ಮೊದಲ ಪ್ರಶ್ನೆ ಹೈಸ್ಕೂಲು ಹುಡುಗಿಯೊಬ್ಬಳದು. "ಆ ಅರಮನೆಯಲ್ಲಿ ತಿಮ್ಮಯ್ಯನ ಹೆಸರು ಎಲ್ಲಾದರೂ ಬರೆದಿದ್ದಾರಾ ಸರ್?" ನಾನು ನೋಡಿದ ಗೋಡೆಗಳಲ್ಲಿ ಎಲ್ಲೂ ಕಾಣಲಿಲ್ಲಮ್ಮ ಎಂದೆ. ಅಲ್ಲಿ ನದಿಗಳಿಗೆ ಗೋಡೆ ಸಿಕ್ಕಿದೆ, ಸುಸನ್ನಾಗೆ ಸಿಕ್ಕಿದೆ, ತಿಮ್ಮಯ್ಯನಿಗೆ ಸಿಕ್ಕಿಲ್ಲ. ಅವನಿರುವುದು ಮಗ ಬರೆದ ಪುಸ್ತಕದಲ್ಲಿ. "ಇಲ್ಲೂ ಎಲ್ಲೂ ಇಲ್ಲವಲ್ಲ ಸರ್" ಎಂದಳು. ಉತ್ತರ ಹೊಳೆಯಲಿಲ್ಲ.

ಇನ್ನೊಬ್ಬರು ಬಾಟಲಿ ತಂದಿದ್ದೀರಾ ಎಂದು ಕೇಳಿದರು. ಅದಕ್ಕೆ ನನ್ನ ಮನೆಯವಳು ಹಿಂದಿನಿಂದ "ಇಲ್ಲ" ಎಂದಳು, ಸ್ವಲ್ಪ ಬೇಗನೇ.

ಕೊನೆಗೆ ಮುಂದಿನ ಸಾಲಿನ ಹಿರಿಯರು ಎದ್ದರು. "ತಮ್ಮಾ, ಆ ಹಡಗಿನ ಪೀಪಾಯಿ ವಿಷಯ ಇನ್ನೊಂದು ಸಲ ಹೇಳು. ಇಂಡಿಯಾ ಕಡೆಗೆ ಬರುತ್ತಿತ್ತು ಅಂದೆ?"

"ಹೌದು ಅಣ್ಣ."

"ಇಲ್ಲಿ ಮಾರಿ ಹೋಗದೆ ಉಳಿದದ್ದು ವಾಪಸ್ ಹೋಗುತ್ತಿತ್ತು?"

"ಹೌದು."

"ಹಾಗೆ ವಾಪಸ್ ಹೋದದ್ದಕ್ಕೇ ರುಚಿ ಜಾಸ್ತಿ?"

"ಹೌದು ಅಣ್ಣ."

"ಅಂದರೆ ನಮ್ಮ ಕಡೆಯವರು ಬೇಡ ಅಂದಿದ್ದಕ್ಕೇ ಅವರ ವೈನಿಗೆ ಹೆಸರು ಬಂತು ಅನ್ನು," ಎಂದು ಹೇಳಿ ಕೂತರು. ಅಷ್ಟರಲ್ಲಿ ಚಹಾ ಬಂತು.)